ಗಾಜು ಕರಗಿದರೂ ಬಲೆ ಉಳಿಯಿತು: ಅಳಿದುಹೋದ ಗಾಜಿನ ಸ್ಪಂಜುಗಳನ್ನು ಕಲ್ಲಿನಲ್ಲಿ ಗುರುತಿಸುವುದು ಹೇಗೆ

ಗಾಜಿನ ಸ್ಪಂಜುಗಳೆಂದರೆ ಸಮುದ್ರತಳದಲ್ಲಿ ಒಂದೇ ಕಡೆ ನಿಂತು ಬದುಕುವ, ಮೈಯೊಳಗೆ ಗಾಜಿನ ಬಲೆ ಕಟ್ಟಿಕೊಳ್ಳುವ ಪ್ರಾಣಿಗಳು. ಅವುಗಳ ಪಳೆಯುಳಿಕೆಗಳಲ್ಲಿ ಗಾಜು ಸಿಗುವುದು ಅಪರೂಪ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ದಕ್ಷಿಣ ಭಾಗದಲ್ಲಿ ದೊರೆಯುವ ಹಿಡ್ನೊಸೆರಾಸ್ ಎಂಬ ಸ್ಪಂಜು ಪೂರ್ತಿ ಮರಳುಗಲ್ಲು. ದಕ್ಷಿಣ ಜರ್ಮನಿಯ ಜುರಾಸಿಕ್ ಸುಣ್ಣಕಲ್ಲಿನ ಟ್ರೆಮಡಿಕ್ಟಿಯಾನ್ ಬಹುಮಟ್ಟಿಗೆ ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನ ಖನಿಜ. ಇಂಗ್ಲೆಂಡಿನ ಸೀಮೆಸುಣ್ಣದ ಪದರಗಳಲ್ಲಿ ವೆಂಟ್ರಿಕ್ಯುಲೈಟಿಸ್ ಎಷ್ಟೋ ಸಲ ತುಕ್ಕುಬಣ್ಣದ ಗೆರೆಗಳಾಗಿ ಮಾತ್ರ ಉಳಿದಿದೆ. ಬದುಕಿದ್ದಾಗ ಈ ಪ್ರಾಣಿಗಳೆಲ್ಲ ಸಿಲಿಕಾದ, ಅಂದರೆ ಗಾಜಿನ ಮೂಲವಸ್ತುವಿನ, ಅಸ್ಥಿಪಂಜರ ಕಟ್ಟಿಕೊಂಡಿದ್ದವು. ಅದು ನಮಗೆ ಗೊತ್ತಾಗುವುದು ಕಲ್ಲಿನಲ್ಲಿ ಈಗ ಇರುವ ಖನಿಜದಿಂದಲ್ಲ, ಆ ಖನಿಜ ತುಂಬಿಕೊಂಡಿರುವ ಆಕಾರದ ಲೆಕ್ಕಾಚಾರದಿಂದ. ಆದ್ದರಿಂದ ಈ ಗುಂಪನ್ನು ಅರ್ಥ ಮಾಡಿಕೊಳ್ಳಲು ಎರಡು ಸಂಗತಿ ತಿಳಿದಿರಬೇಕು: ಗಾಜಿನ ಬಲೆಯನ್ನು ಪ್ರಾಣಿ ಹೇಗೆ ಕಟ್ಟುತ್ತದೆ, ಸತ್ತ ಮೇಲೆ ಆ ಗಾಜು ಎಲ್ಲಿಗೆ ಹೋಗುತ್ತದೆ.

ಸ್ಪಂಜಿನ ಅಸ್ಥಿಪಂಜರದ ಬಿಡಿ ಭಾಗಕ್ಕೆ ಸ್ಪಿಕ್ಯೂಲ್ ಎನ್ನುತ್ತಾರೆ, ಸಣ್ಣ ಮುಳ್ಳು ಅಂದುಕೊಳ್ಳಿ. ಗಾಜಿನ ಸ್ಪಂಜುಗಳ, ಅಂದರೆ ಹೆಕ್ಸಾಕ್ಟಿನೆಲಿಡಾ ವರ್ಗದ, ಮೂಲ ಸ್ಪಿಕ್ಯೂಲಿಗೆ ಆರು ತೋಳು. ಕೋಣೆಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಸೇರುವ ಬಿಂದುವನ್ನು ನೋಡಿ. ಅಲ್ಲಿ ಕೂಡುವ ಮೂರು ಅಂಚುಗಳನ್ನು ಆ ಬಿಂದುವಿನಾಚೆಗೂ ನೇರವಾಗಿ ಎಳೆದರೆ ಆರು ತೋಳಾಗುತ್ತವೆ, ಒಂದಕ್ಕೊಂದು 90 ಡಿಗ್ರಿಯಲ್ಲಿ. ಇದೇ ಹೆಕ್ಸಾಕ್ಟಿನ್. ಒಳಗಿನ ಮತ್ತು ಹೊರಗಿನ ಎರಡು ತೋಳು ಬೆಳೆಯದಿದ್ದರೆ ನಾಲ್ಕು ತೋಳಿನ ಶಿಲುಬೆ ಉಳಿಯುತ್ತದೆ. ಅದಕ್ಕೆ ಸ್ಟೌರಾಕ್ಟಿನ್ ಎಂದು ಹೆಸರು. ಒಂದು ತೋಳು ಮಾತ್ರ ಕುಗ್ಗಿದರೆ ಐದು ತೋಳಿನ ಪೆಂಟಾಕ್ಟಿನ್. ಎಷ್ಟೇ ತೋಳು ಕಳೆದರೂ ಉಳಿದವುಗಳ ನಡುವಿನ ಲಂಬಕೋನ ಬದಲಾಗುವುದಿಲ್ಲ. ಈ ಗುಂಪನ್ನು ಹಿಡಿಯುವ ಮೊದಲ ಸುಳಿವು ಇದೇ.

ಸ್ಪಿಕ್ಯೂಲಿನ ವಸ್ತು ನೀರಿನಂಶವಿರುವ, ಹರಳುಗಟ್ಟದ ಸಿಲಿಕಾ. ರತ್ನಗಳಲ್ಲಿ ಓಪಲ್ ಎಂದು ಕರೆಯುವ ಪದಾರ್ಥದ ಜಾತಿಯದು. ನಡುವೆ ಪ್ರೋಟೀನಿನ ಎಳೆಯೊಂದು ಹಾದುಹೋಗಿರುತ್ತದೆ, ಅದರ ಸುತ್ತ ಸಿಲಿಕಾ ಪದರಪದರವಾಗಿ ಕೂಡುತ್ತದೆ. ಪ್ರಾಣಿ ಸತ್ತು ಎಳೆ ಕೊಳೆತ ಮೇಲೆ ಅಲ್ಲೊಂದು ಸೂಕ್ಷ್ಮ ಕೊಳವೆ ಉಳಿಯುತ್ತದೆ. ಗಾಜಿನ ಸ್ಪಂಜುಗಳಲ್ಲಿ ಈ ಕೊಳವೆಯ ಅಡ್ಡಛೇದ ಚೌಕ. ಸಿಲಿಕಾ ಸ್ಪಿಕ್ಯೂಲ್ ಇರುವ ಇನ್ನೊಂದು ದೊಡ್ಡ ಗುಂಪಾದ ಡೆಮೊಸ್ಪಂಜುಗಳಲ್ಲಿ ಅದು ಸಾಮಾನ್ಯವಾಗಿ ತ್ರಿಕೋನ ಅಥವಾ ಷಟ್ಕೋನ. ಚೆನ್ನಾಗಿ ಉಳಿದ ಸ್ಪಿಕ್ಯೂಲಿನ ಮುರಿದ ತುದಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದೊಂದರಿಂದಲೇ ಗುಂಪು ನಿರ್ಧಾರವಾಗಬಹುದು. ಆದರೆ ಸಿಲಿಕಾ ಸ್ವಲ್ಪ ಕರಗಿದರೂ ಕೊಳವೆ ಅಗಲವಾಗಿ ಮೂಲೆಗಳು ಅಳಿಸಿಹೋಗುತ್ತವೆ. ಹಳೆಯ ಕಲ್ಲುಗಳಲ್ಲಿ ಆಗಿರುವುದು ಹೆಚ್ಚಾಗಿ ಹೀಗೇ.

ಮೃದು ದೇಹವೂ ವಿಚಿತ್ರವಾದದ್ದು. ಇಂದಿನ ಗಾಜಿನ ಸ್ಪಂಜುಗಳಲ್ಲಿ ಹೆಚ್ಚಿನ ಅಂಗಾಂಶ ಬಿಡಿಬಿಡಿ ಕೋಶಗಳಾಗಿಲ್ಲ; ಅಸಂಖ್ಯ ನ್ಯೂಕ್ಲಿಯಸ್‌ಗಳಿರುವ ಒಂದೇ ಅಖಂಡ ಜೀವರಸವಾಗಿ ಬಲೆಯ ತುಂಬ ಹರಡಿಕೊಂಡಿದೆ. ನರಗಳಿಲ್ಲದಿದ್ದರೂ ಅದರಲ್ಲಿ ವಿದ್ಯುತ್ ಸಂಕೇತ ಸೆಕೆಂಡಿಗೆ ಸುಮಾರು ಕಾಲು ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತದೆ. ನೀರಿನಲ್ಲಿ ಕೆಸರು ಬಂದರೆ ಈ ಸಂಕೇತ ಹೊರಟು ಇಡೀ ಪ್ರಾಣಿ ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಹೀರುವುದು ನಿಂತರೆ ಆಹಾರವೂ ಇಲ್ಲ, ಆಮ್ಲಜನಕವೂ ಇಲ್ಲ. ಹೂಳು ನಿಧಾನವಾಗಿ ಬೀಳುವ ಕಡೆ ಈ ಪ್ರಾಣಿಗಳು ಹೆಚ್ಚು ಕಾಣುವುದಕ್ಕೆ ಇದೊಂದು ಬಲವಾದ ಕಾರಣ.

ಪಳೆಯುಳಿಕೆಯ ಮಟ್ಟಿಗೆ ನಿರ್ಣಾಯಕವಾದದ್ದು ಸ್ಪಿಕ್ಯೂಲ್‌ಗಳು ಹೇಗೆ ಕೂಡಿಕೊಂಡಿವೆ ಎಂಬುದು. ಒಂದು ಬಗೆಯಲ್ಲಿ ಅವು ಅಕ್ಕಪಕ್ಕ ಇರುತ್ತವೆ, ಮೃದು ಅಂಗಾಂಶವೇ ಹಿಡಿದಿಟ್ಟಿರುತ್ತದೆ. ಪ್ರಾಣಿ ಸತ್ತು ಅಂಗಾಂಶ ಕೊಳೆತರೆ ಎಲ್ಲವೂ ಉದುರಿ ಸಮುದ್ರತಳದ ಕೆಸರಿನಲ್ಲಿ ಬೆರೆತುಹೋಗುತ್ತದೆ. ಇನ್ನೊಂದು ಬಗೆಯಲ್ಲಿ ಪಕ್ಕಪಕ್ಕದ ಹೆಕ್ಸಾಕ್ಟಿನ್‌ಗಳ ತೋಳುಗಳ ಮೇಲೆ ಪ್ರಾಣಿ ಮತ್ತೆ ಸಿಲಿಕಾ ಹಚ್ಚಿ ಬೆಸೆದುಬಿಡುತ್ತದೆ. ಆಗ ಘನಾಕೃತಿಯ ಕಣ್ಣುಗಳಿರುವ ಗಟ್ಟಿ ಚೌಕಟ್ಟು ಸಿದ್ಧವಾಗುತ್ತದೆ, ಪ್ರಾಣಿ ಸತ್ತ ಮೇಲೂ ನಿಂತೇ ಇರುತ್ತದೆ. ಬೆಸೆದ ಚೌಕಟ್ಟಿನಲ್ಲೂ ಎರಡು ಬಗೆ ಇವೆ. ಹೆಕ್ಸಾಕ್ಟಿನೋಸಾ ಎಂಬ ಗುಂಪಿನಲ್ಲಿ ತೋಳುಗಳು ಕೂಡುವ ಗಂಟು ಸಾದಾ, ಘನವಾದದ್ದು. ಲಿಕ್ನಿಸ್ಕೋಸಾ ಎಂಬ ಗುಂಪಿನಲ್ಲಿ ಪ್ರತಿ ಗಂಟಿನ ಸುತ್ತ ತೋಳಿಂದ ತೋಳಿಗೆ ಓರೆಯಾಗಿ ಹನ್ನೆರಡು ಸಣ್ಣ ಆಸರೆ ಕಡ್ಡಿಗಳಿರುತ್ತವೆ. ಹೀಗಾಗಿ ಗಂಟು ಪೊಳ್ಳಾದ ಅಷ್ಟಮುಖಿಯಂತೆ ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ಅನುಮಾನ ಬರುವಷ್ಟು ಕಂಡೀತು, ಖಚಿತಪಡಿಸಿಕೊಳ್ಳಲು ಸೂಕ್ಷ್ಮದರ್ಶಕ ಬೇಕು.

ಸತ್ತ ಮೇಲೆ ಗಾಜಿಗೆ ಆಗುವುದೇನು

ಇಂದಿನ ಸಮುದ್ರದಲ್ಲಿ ಎಲ್ಲ ಆಳಗಳಲ್ಲೂ ಕರಗಿದ ಸಿಲಿಕಾ ಸಂತೃಪ್ತ ಮಟ್ಟಕ್ಕಿಂತ ಬಹಳ ಕಡಿಮೆ. ಜೀವರಸದ ಹೊದಿಕೆ ಹೋದ ಕೂಡಲೇ ಸ್ಪಿಕ್ಯೂಲ್ ಕರಗಲು ಶುರುವಾಗುತ್ತದೆ. ಕೆಸರಿನಲ್ಲಿ ಹೂತುಕೊಂಡರೂ ಕರಗುವುದು ಮುಂದುವರಿಯುತ್ತದೆ; ಕೆಸರಿನ ಸಂದುಗಳಲ್ಲಿರುವ ನೀರು ಸಿಲಿಕಾದಿಂದ ತುಂಬಿಕೊಂಡ ಮೇಲಷ್ಟೇ ಅದು ನಿಧಾನವಾಗುತ್ತದೆ. ಉಳಿದ ಸಿಲಿಕಾ ಕಾಲಾಂತರದಲ್ಲಿ ಅರೆಹರಳಿನ ಓಪಲ್ ಆಗಿ, ಕೊನೆಗೆ ಕ್ವಾರ್ಟ್ಸ್ ಆಗಿ ಮಾರ್ಪಡುತ್ತದೆ. ಪ್ರತಿ ಹಂತದಲ್ಲೂ ಸೂಕ್ಷ್ಮ ವಿವರ ಕಳೆದುಹೋಗುತ್ತದೆ.

ಬೆಸೆಯದ ಬಲೆ ಇಡಿಯಾಗಿ ಉಳಿಯಬೇಕಾದರೆ ಪ್ರಾಣಿ ಬದುಕಿದ್ದಾಗಲೇ ಅಥವಾ ಸತ್ತ ಕೆಲವೇ ದಿನಗಳಲ್ಲಿ ಹೂತುಹೋಗಬೇಕು. ಹಿಡ್ನೊಸೆರಾಸ್‌ಗೆ ಆದದ್ದು ಇದೇ. ಸುಮಾರು 37 ಕೋಟಿ ವರ್ಷ ಹಿಂದೆ, ಡೆವೋನಿಯನ್ ಯುಗದ ಉತ್ತರಾರ್ಧದಲ್ಲಿ, ಈಗಿನ ಸ್ಟೂಬೆನ್ ಕೌಂಟಿಯ ಸುತ್ತಮುತ್ತ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ನಿಂತಿದ್ದ ಈ ಸ್ಪಂಜುಗಳ ಮೇಲೆ ಮರಳು ಒಮ್ಮೆಲೇ ಬಂದು ಬಿತ್ತು, ಹೂಜಿಯಾಕಾರದ ದೇಹದ ಒಳಗೂ ತುಂಬಿತು. ತೆಳುವಾದ ಗೋಡೆ ಕೊಳೆತು ಗಾಜು ಕರಗುವ ಹೊತ್ತಿಗೆ ಒಳಗಿನ ಮರಳು ಆಕಾರ ಹಿಡಿದಾಗಿತ್ತು, ಬಲೆಯ ಗುರುತು ಅದರ ಮೈಮೇಲೆ ಅಚ್ಚೊತ್ತಿತ್ತು. ಇಂದು ಕೈಗೆ ಸಿಗುವುದು ಆ ಒಳಗಿನ ಎರಕ. ಒಳ್ಳೆಯ ಮಾದರಿ ಸುಮಾರು ಒಂದು ಗೇಣು ಉದ್ದ, ಕೆಳಗೆ ಕಿರಿದು, ಮೇಲೆ ಅಗಲ, ಎಂಟು ಮುಖ. ಮುಖಗಳು ಕೂಡುವ ಏಣುಗಳ ಮೇಲೆ ಸಾಲುಸಾಲಾಗಿ ಗುಬುಟುಗಳು. ಬೆಳಕನ್ನು ಪಕ್ಕದಿಂದ ತೀರಾ ಓರೆಯಾಗಿ ಹಾಯಿಸಿದರೆ ಮೈಮೇಲೆಲ್ಲ ಚೌಕಳಿ ಎದ್ದು ಕಾಣುತ್ತದೆ: ದಪ್ಪ ಗೆರೆಗಳ ದೊಡ್ಡ ಚೌಕ, ಅದರೊಳಗೆ ತೆಳು ಗೆರೆಗಳ ನಾಲ್ಕು ಚೌಕ, ಕೆಲವೆಡೆ ಮತ್ತೆ ಒಳಗೆ ನಾಲ್ಕು. ಮರಳಿನ ಕಣ ಒರಟಾಗಿದ್ದಲ್ಲಿ ಸಣ್ಣ ಚೌಕಗಳು ಮೂಡಿಯೇ ಇರುವುದಿಲ್ಲ. ಅವು ಕಾಣದಿರುವುದು ಪ್ರಾಣಿಯ ಲಕ್ಷಣವೆಂದು ತಿಳಿದು ಹೊಸ ಜಾತಿ ಎಂದರೆ ತಪ್ಪಾಗುತ್ತದೆ.

1842ರಲ್ಲಿ ಇದನ್ನು ಮೊದಲು ವಿವರಿಸಿದ ಪಳೆಯುಳಿಕೆ ತಜ್ಞ ಟಿಮೊಥಿ ಕಾನ್ರಾಡ್ ಅದನ್ನು ಚಿಪ್ಪಿನ ಮೃದ್ವಂಗಿ ಎಂದುಕೊಂಡಿದ್ದರು. ಇದರ ಹತ್ತಿರದ ಬಂಧುಗಳನ್ನು ಇನ್ನೊಬ್ಬ ತಜ್ಞ ಜೇಮ್ಸ್ ಹಾಲ್ ಕಡಲಕಳೆಗಳ ಗುಂಪಿಗೆ ಸೇರಿಸಿದ್ದರು. ಗಾಜು ಒಂದು ಚೂರೂ ಇಲ್ಲದ ಮರಳಿನ ಎರಕವನ್ನು ನೋಡಿ ಸ್ಪಂಜು ಎಂದು ಊಹಿಸಲು ಆಗಿನ ಕಾಲದಲ್ಲಿ ಆಧಾರವೇ ಇರಲಿಲ್ಲ. ಆಳಸಮುದ್ರದಿಂದ ಜೀವಂತ ಗಾಜಿನ ಸ್ಪಂಜುಗಳು ಬಂದು, ಅವುಗಳ ಬಲೆಯ ರಚನೆ ತಿಳಿದ ಮೇಲೆ ದಾರಿ ತೆರೆಯಿತು. ಕಾರ್ಲ್ ಆಲ್ಫ್ರೆಡ್ ಫಾನ್ ಜಿಟ್ಟೆಲ್ 1877ರಿಂದ ಪಳೆಯುಳಿಕೆ ಸ್ಪಂಜುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಹೊರಗಿನ ಆಕಾರವನ್ನು ಬದಿಗಿರಿಸಿ, ಸ್ಪಿಕ್ಯೂಲಿನ ರಚನೆಯ ಮೇಲೆ ವರ್ಗೀಕರಣ ನಿಲ್ಲಿಸಿದರು. ಹಾಲ್ ಕೂಡ ನಂತರ ಜಾನ್ ಕ್ಲಾರ್ಕ್ ಜೊತೆ 1898ರಲ್ಲಿ ಇದೇ ಕುಟುಂಬವನ್ನು ಸ್ಪಂಜುಗಳೆಂದೇ ವಿವರವಾಗಿ ದಾಖಲಿಸಿದರು.

ಕೆಸರು ಗಟ್ಟಿಯಾಗಿ ಆದ ಕಪ್ಪು ಶೇಲ್‌ನಲ್ಲಿ ಕಥೆ ಬೇರೆ. ಆಮ್ಲಜನಕವಿಲ್ಲದ ನುಣುಪು ಕೆಸರಿನಲ್ಲಿ ಹೂತ ಸ್ಪಂಜು ಚಪ್ಪಟೆಯಾಗುತ್ತದೆ, ಅದರ ಸ್ಪಿಕ್ಯೂಲ್‌ಗಳ ಜಾಗವನ್ನು ಹಲವೆಡೆ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ತುಂಬುತ್ತದೆ. ವೇಲ್ಸ್‌ನ ಸೇಂಟ್ ಡೇವಿಡ್ಸ್ ಬಳಿಯ, ಸುಮಾರು 50 ಕೋಟಿ ವರ್ಷ ಹಿಂದಿನ ಕ್ಯಾಂಬ್ರಿಯನ್ ಯುಗದ ಪದರಗಳಿಂದ ಜಾನ್ ಸಾಲ್ಟರ್ 1864ರಲ್ಲಿ ಹೆಸರಿಸಿದ ಪ್ರೊಟೊಸ್ಪಾಂಜಿಯಾ ಸ್ಟೌರಾಕ್ಟಿನ್‌ಗಳ ಒಂದೇ ಪದರದ ಬಲೆ. ಕೆನಡಾದ ಬರ್ಜೆಸ್ ಶೇಲ್‌ನ ಡಯಾಗೊನಿಯೆಲ್ಲಾದಲ್ಲಿ ಅದೇ ಬಗೆಯ ಶಿಲುಬೆಗಳು ದೇಹದ ಉದ್ದಕ್ಕೆ ಓರೆಯಾಗಿ ನಿಂತಿವೆ. ಪೈರೈಟ್ ಇರುವ ಮಾದರಿಗೆ ಮುಖ್ಯ ಶತ್ರು ತೇವ. ಗಾಳಿಯ ತೇವದಲ್ಲಿ ಪೈರೈಟ್ ಆಕ್ಸೀಕರಣಗೊಂಡು ಗಂಧಕಾಮ್ಲ ಹುಟ್ಟುತ್ತದೆ, ಮೊದಲು ಬಿಳಿ–ಹಳದಿ ಪುಡಿ ಕಾಣಿಸಿಕೊಂಡು ಬಳಿಕ ಕಲ್ಲೇ ಬಿರಿಯುತ್ತದೆ. ಇಂಥದ್ದನ್ನು ತೊಳೆಯಬಾರದು. ಒಣ ಕುಂಚದಿಂದ ಧೂಳು ತೆಗೆದು, ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಇಡಬೇಕು.

ಸುಣ್ಣಕಲ್ಲಿನಲ್ಲಿ ಆಗುವುದು ಎಲ್ಲಕ್ಕಿಂತ ಸೋಜಿಗದ್ದು. ಜುರಾಸಿಕ್ ಸ್ಪಂಜು ಸತ್ತಾಗ ಕೊಳೆಯುತ್ತಿದ್ದ ಅಂಗಾಂಶದೊಳಗೆ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಗನೆ ಕೂಡಿ ದೇಹವನ್ನೇ ಕಲ್ಲಾಗಿಸಿತು. ಗಾಜಿನ ಬಲೆ ಆ ಗಟ್ಟಿ ರಾಶಿಯೊಳಗೆ ಸಿಕ್ಕಿಕೊಂಡಿತು. ನಂತರ ಸಿಲಿಕಾ ಕರಗಿ ಹೊರಟಿತು, ಅದು ಬಿಟ್ಟುಹೋದ ಖಾಲಿ ಜಾಗದಲ್ಲಿ ಕ್ಯಾಲ್ಸೈಟ್ ಹರಳುಗಟ್ಟಿತು. ತೆಳುಛೇದದಲ್ಲಿ, ಅಂದರೆ ಬೆಳಕು ಹಾಯುವಷ್ಟು ತೆಳುವಾಗಿ ತೇಯ್ದ ಕಲ್ಲಿನ ಚೂರಿನಲ್ಲಿ, ಇದು ಸ್ಪಷ್ಟ: ಬೂದುಬಣ್ಣದ ನುಣುಪು ಹಿನ್ನೆಲೆಯಲ್ಲಿ ತಿಳಿಯಾದ ಹರಳಿನ ಚೌಕಳಿ. ಹೊರಟ ಸಿಲಿಕಾ ಹತ್ತಿರದಲ್ಲೇ ಎಲ್ಲೋ ಚರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲಿನ ಗಂಟುಗಳಾಗಿ ಕೂಡಿರುತ್ತದೆ. ಇಂಗ್ಲೆಂಡಿನ ಸೀಮೆಸುಣ್ಣದ ಪದರಗಳಲ್ಲಿ ಸಾಲಾಗಿ ಕಾಣುವ ಚಕಮಕಿ ಕಲ್ಲುಗಳಿಗೂ ಸಿಲಿಕಾ ಒದಗಿದ್ದು ಬಹುಪಾಲು ಸ್ಪಂಜುಗಳಿಂದ. ಒಂದೇ ಪದರದಲ್ಲಿ ಸ್ಪಂಜು ಕ್ಯಾಲ್ಸೈಟ್ ಆಗಿ, ಪಕ್ಕದ ಸುಣ್ಣದ ಕೆಸರು ಸಿಲಿಕಾ ಆಗಿ, ಪದಾರ್ಥಗಳು ಅದಲುಬದಲಾಗಿರುವುದು ನನಗೆ ಈ ಇಡೀ ವಿಷಯದ ಅತ್ಯಂತ ಸುಂದರ ಭಾಗವೆನಿಸುತ್ತದೆ.

ಕೈಯಲ್ಲಿರುವ ಮಾದರಿಯನ್ನು ಪರೀಕ್ಷಿಸುವಾಗ

ಮೊದಲು ಖನಿಜ ಯಾವುದೆಂದು ತಿಳಿಯಿರಿ. ಕಾಣದ ಮೂಲೆಯಲ್ಲಿ 10 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿದರೆ ಕ್ಯಾಲ್ಸೈಟ್ ನೊರೆಯುತ್ತದೆ, ಸಿಲಿಕಾ ಸುಮ್ಮನಿರುತ್ತದೆ. ಉಕ್ಕಿನ ಸೂಜಿ ಕ್ಯಾಲ್ಸೈಟನ್ನು ಗೀಚುತ್ತದೆ, ಕ್ವಾರ್ಟ್ಸನ್ನು ಗೀಚುವುದಿಲ್ಲ. ಈ ಪರೀಕ್ಷೆ ಮಾಡದೆ ಆಮ್ಲದಲ್ಲಿ ಮುಳುಗಿಸುವುದೇ ದೊಡ್ಡ ಅನಾಹುತ. ಬಲೆ ಕ್ಯಾಲ್ಸೈಟ್ ಆಗಿದ್ದರೆ ಕಲ್ಲಿನ ಜೊತೆ ಅದೂ ಕರಗಿ, ತಳದಲ್ಲಿ ಕೆಸರು ಮಾತ್ರ ಉಳಿಯುತ್ತದೆ.

ಸುಣ್ಣಕಲ್ಲಿನೊಳಗೆ ಸ್ಪಿಕ್ಯೂಲ್ ಸಿಲಿಕಾ ಆಗಿಯೇ ಉಳಿದಿದ್ದರೆ 5ರಿಂದ 10 ಶೇಕಡಾ ಆಸಿಟಿಕ್ ಆಮ್ಲ ಸರಿಯಾದದ್ದು. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮಾಡುತ್ತದೆ, ಆದರೆ ಜೋರಾಗಿ ಏಳುವ ಗುಳ್ಳೆಗಳು ಕೂದಲೆಳೆಯಂಥ ತೋಳುಗಳನ್ನು ಮುರಿಯುತ್ತವೆ. ಮಾದರಿಯನ್ನು ಪ್ಲಾಸ್ಟಿಕ್ ಜಾಲರಿಯ ಮೇಲಿಟ್ಟು, ಗುಳ್ಳೆ ನಿಂತಾಗ ಆಮ್ಲ ಬದಲಿಸಿ, ತಳದ ಶೇಷವನ್ನು 63 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಜರಡಿಯಲ್ಲಿ ನಿಧಾನ ನೀರಿನಿಂದ ತೊಳೆಯಬೇಕು. ತೊಳೆಯುವುದರಲ್ಲಿ ಅವಸರ ಮಾಡಿದರೆ ಒಳಗುಳಿದ ಕ್ಯಾಲ್ಸಿಯಂ ಆಸಿಟೇಟ್ ಒಣಗುವಾಗ ಹರಳುಗಟ್ಟಿ ಮಾದರಿಯನ್ನು ಒಳಗಿನಿಂದಲೇ ಸೀಳುತ್ತದೆ. ಕಲ್ಲು ಆಮ್ಲದಲ್ಲಿ ಎಷ್ಟು ದಿನ ಇತ್ತೋ ಅದಕ್ಕಿಂತ ಹೆಚ್ಚು ದಿನ ನೀರಿನಲ್ಲಿ ಇಡುವುದು ಒಳ್ಳೆಯದು, ನೀರು ಬದಲಿಸುತ್ತಾ. ಹೈಡ್ರೋಫ್ಲೋರಿಕ್ ಆಮ್ಲದ ಹತ್ತಿರ ಹೋಗಲೇಬಾರದು. ಅದು ಸಿಲಿಕಾವನ್ನೇ ಕರಗಿಸುತ್ತದೆ, ಚರ್ಮಕ್ಕೆ ತಗುಲಿದರೆ ಪ್ರಾಣಾಪಾಯ.

ಬಲೆ ಕ್ಯಾಲ್ಸೈಟ್ ಆಗಿದ್ದರೆ ತೆಳುಛೇದವೇ ದಾರಿ. ಕಲ್ಲಿನ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ 30 ಮೈಕ್ರಾನ್ ದಪ್ಪಕ್ಕೆ ತೇಯಬೇಕು. ಒಂದೇ ಛೇದ ಸಾಲದು. ಓರೆಯಾಗಿ ಕತ್ತರಿಸಿದ ಘನ ಬಲೆ ತ್ರಿಕೋನ, ಷಟ್ಕೋನ ಏನು ಬೇಕಾದರೂ ತೋರಿಸುತ್ತದೆ. ಗೋಡೆಗೆ ಸಮಾನಾಂತರವಾಗಿ ಒಂದು, ಅಡ್ಡಲಾಗಿ ಒಂದು ಮಾಡಿಸಿಕೊಳ್ಳಿ. ಪೈರೈಟ್ ತುಂಬಿದ ಮಾದರಿಗೆ ಎಕ್ಸ್‌ರೇ ಸಿಟಿ ಸ್ಕ್ಯಾನ್ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಸಾಂದ್ರತೆಯ ವ್ಯತ್ಯಾಸ ದೊಡ್ಡದು. ಕ್ಯಾಲ್ಸೈಟಿನೊಳಗಿನ ಕ್ಯಾಲ್ಸೈಟ್ ಬಲೆ ಅದರಲ್ಲಿ ಕಾಣುವುದೇ ಕಷ್ಟ.

ಬೇರೆ ಪಳೆಯುಳಿಕೆಗಳೊಡನೆ ಗೊಂದಲವೂ ಸಹಜ. ಗುಂಪಾಗಿ ಬದುಕುವ ಸಣ್ಣ ಸಮುದ್ರಪ್ರಾಣಿಗಳಾದ ಬ್ರಯೋಜೋವನ್‌ಗಳಲ್ಲಿ ಬಲೆಯಾಕಾರದವು ಇವೆ. ಆದರೆ ಅವುಗಳ ಕವಲುಗಳ ಒಂದು ಮುಖದಲ್ಲಿ ಸಣ್ಣ ಪ್ರಾಣಿಗಳು ಕುಳಿತಿದ್ದ ರಂಧ್ರಗಳ ಸಾಲಿರುತ್ತದೆ. ಅಳಿದುಹೋದ ಇನ್ನೊಂದು ಗುಂಪಾದ ರಿಸೆಪ್ಟಾಕ್ಯುಲಿಟಿಡ್‌ಗಳಲ್ಲಿ ವಜ್ರಾಕೃತಿಯ ಫಲಕಗಳು ಸುರುಳಿಯಾಗಿ ಜೋಡಣೆಗೊಂಡಿರುತ್ತವೆ. ಹೆಚ್ಚು ಮೋಸ ಮಾಡುವುದು ಸೈಲೂರಿಯನ್ ಯುಗದ ಆಸ್ಟ್ರಿಯೊಸ್ಪಾಂಜಿಯಂ. ಅದರ ನಕ್ಷತ್ರಗಳಲ್ಲೂ ಆರು ತೋಳು ಕಾಣುತ್ತವೆ, ಆದರೆ ಅವೆಲ್ಲ ಒಂದೇ ಸಮತಲದಲ್ಲಿ 60 ಡಿಗ್ರಿ ಅಂತರದಲ್ಲಿವೆ. ತೋಳು ಎಣಿಸಿದರೆ ಸಾಲದು, ಕೋನ ಅಳೆಯಬೇಕು. ಕೋನವೂ ಒಮ್ಮೊಮ್ಮೆ ಮೋಸ ಮಾಡೀತು. ಮಡಿಕೆಬಿದ್ದ ಬಂಡೆಗಳಲ್ಲಿ ಒತ್ತಡಕ್ಕೆ ಚೌಕಗಳು ಓರೆಯಾಗುತ್ತವೆ. ಅಂಥ ಕಡೆ ಎಲ್ಲ ಚೌಕಗಳೂ ಒಂದೇ ದಿಕ್ಕಿಗೆ ವಾಲಿವೆಯೇ ಎಂದು ನೋಡಿ. ಹಾಗಿದ್ದರೆ ವಾಲಿದ್ದು ಬಂಡೆ.

ಏಳು, ಬೀಳು

ಈ ಗುಂಪಿನ ಆರಂಭ ಇನ್ನೂ ಚರ್ಚೆಯಲ್ಲಿದೆ. 2024ರಲ್ಲಿ ಚೀನಾದ ಹುಬೆಯ್ ಪ್ರಾಂತ್ಯದಿಂದ ವಿವರಿಸಲಾದ ಹೆಲಿಕೊಲೊಸೆಲ್ಲಸ್ ಸುಮಾರು 55 ಕೋಟಿ ವರ್ಷ ಹಳೆಯದು. ಅದರ ಮೈಮೇಲೆ ಚೌಕದೊಳಗೆ ಚೌಕವಿರುವ ಅದೇ ಮಾದರಿಯ ಚೌಕಳಿ ಇದೆ, ಆದರೆ ಖನಿಜದ ಸ್ಪಿಕ್ಯೂಲ್ ಇಲ್ಲ. ಮೊದಲ ಸ್ಪಂಜುಗಳ ಬಲೆ ಬರೀ ಸಾವಯವ ವಸ್ತುವಿನದಾಗಿತ್ತು, ಸಿಲಿಕಾ ಆಮೇಲೆ ಬಂತು ಎಂಬ ವಾದಕ್ಕೆ ಇದು ಬಲ ಕೊಡುತ್ತದೆ. ಕ್ಯಾಂಬ್ರಿಯನ್‌ನ ಪ್ರೊಟೊಸ್ಪಾಂಜಿಯಾದಂಥವನ್ನು ನೇರವಾಗಿ ಇಂದಿನ ಗಾಜಿನ ಸ್ಪಂಜುಗಳ ವರ್ಗದೊಳಗೇ ಸೇರಿಸಬೇಕೇ, ಅಥವಾ ಅವು ಸಿಲಿಕಾ ಸ್ಪಂಜುಗಳ ವಂಶವೃಕ್ಷದ ಬುಡದಲ್ಲಿ ಕವಲೊಡೆದು ಅಳಿದವೇ ಎಂಬುದರಲ್ಲೂ ಒಮ್ಮತವಿಲ್ಲ. ಲಂಬಕೋನದ ಸ್ಪಿಕ್ಯೂಲ್ ಈ ವರ್ಗಕ್ಕಿಂತ ಹಳೆಯ ಆಸ್ತಿಯಾಗಿರಬಹುದು. ನನ್ನ ಮಟ್ಟಿಗೆ ಎರಡನೆಯ ಅಭಿಪ್ರಾಯವೇ ಹೆಚ್ಚು ಒಪ್ಪಿಗೆಯಾಗುತ್ತದೆ. ಹಳೆಯ ಪಟ್ಟಿಗಳಲ್ಲಿ ಹೆಕ್ಸಾಕ್ಟಿನೆಲಿಡಾ ಎಂದು ಬರೆದಿರುವ ಕ್ಯಾಂಬ್ರಿಯನ್ ಹೆಸರುಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು.

ಆರ್ಡೊವಿಶಿಯನ್ ಕೊನೆಯ ಸಾಮೂಹಿಕ ಅಳಿವಿನಲ್ಲಿ, ಸುಮಾರು 44.5 ಕೋಟಿ ವರ್ಷ ಹಿಂದೆ, ಸ್ಪಂಜುಗಳು ಬಚಾವಾದದ್ದಷ್ಟೇ ಅಲ್ಲ, ವಿಜೃಂಭಿಸಿದವು. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಅಂಜಿ ಎಂಬಲ್ಲಿ ಅಳಿವಿನ ಬೆನ್ನಲ್ಲೇ ಕೂಡಿದ ಪದರಗಳಿಂದ 75ಕ್ಕೂ ಹೆಚ್ಚು ಜಾತಿಯ ಸ್ಪಂಜುಗಳು 2017ರಲ್ಲಿ ವರದಿಯಾದವು. ಬೆಸೆದ ಬಲೆಯ ಸ್ಪಂಜುಗಳು ಡೆವೋನಿಯನ್ ಉತ್ತರಾರ್ಧದಲ್ಲಿ ಕಾಣಿಸಿಕೊಂಡವು. ಅವುಗಳ ನಿಜವಾದ ಕಾಲ ಬಂದದ್ದು ಜುರಾಸಿಕ್‌ನಲ್ಲಿ. ಸುಮಾರು 16ರಿಂದ 15 ಕೋಟಿ ವರ್ಷ ಹಿಂದೆ ಈಗ ಮುಚ್ಚಿಹೋಗಿರುವ ಟೆಥಿಸ್ ಸಮುದ್ರದ ಉತ್ತರ ಅಂಚಿನಲ್ಲಿ, ಈಗಿನ ಸ್ಪೇನ್, ಫ್ರಾನ್ಸ್, ಜರ್ಮನಿ, ಪೋಲೆಂಡ್, ರೊಮೇನಿಯಾಗಳ ಉದ್ದಕ್ಕೂ, ಸಾವಿರಾರು ಕಿಲೋಮೀಟರ್ ಸ್ಪಂಜಿನ ದಿಬ್ಬಗಳೆದ್ದವು. ಜರ್ಮನಿಯ ಸ್ವೇಬಿಯನ್ ಮತ್ತು ಫ್ರಾಂಕೋನಿಯನ್ ಆಲ್ಬ್ ಬೆಟ್ಟಸಾಲುಗಳ ಎಷ್ಟೋ ಬಂಡೆಗಳು ಇವೇ ದಿಬ್ಬಗಳ ಭಾಗ. ಅದರ ನಂತರದ ಕ್ರಿಟೇಶಿಯಸ್ ಯುಗದಲ್ಲಿ ಲಿಕ್ನಿಸ್ಕೋಸಾ ಗುಂಪು ಮೆರೆಯಿತು, ವೆಂಟ್ರಿಕ್ಯುಲೈಟಿಸ್ ಈ ಗುಂಪಿನದೇ. ಇಂದು ಅದರಲ್ಲಿ ಬೆರಳೆಣಿಕೆಯ ಜಾತಿಗಳು ಮಾತ್ರ ಬದುಕಿವೆ.

ಆಳವಿಲ್ಲದ ಸಮುದ್ರಗಳಿಂದ ಇವು ಹಿಂದೆ ಸರಿದದ್ದಕ್ಕೆ ಮುಖ್ಯ ಆರೋಪಿ ಡಯಾಟಮ್. ಗಾಜಿನ ಚಿಪ್ಪಿನ ಈ ಏಕಕೋಶ ಜೀವಿಗಳು ಕ್ರಿಟೇಶಿಯಸ್‌ನಿಂದೀಚೆಗೆ ಹೆಚ್ಚಿ, ಮೇಲ್ಪದರದ ನೀರಿನಲ್ಲಿ ಕರಗಿದ್ದ ಸಿಲಿಕಾವನ್ನು ಬಳಿದುಕೊಂಡವು. ಇಂದು ಬೆಚ್ಚಗಿನ ಮೇಲ್ನೀರಿನಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 10 ಮೈಕ್ರೊಮೋಲ್‌ಗೂ ಕಡಿಮೆ, ಪೆಸಿಫಿಕ್‌ನ ಆಳದಲ್ಲಿ 100ಕ್ಕೂ ಮೇಲೆ. ಮ್ಯಾನುವೆಲ್ ಮಾಲ್ಡೊನಾಡೊ ಮತ್ತು ಸಂಗಡಿಗರು 1999ರಲ್ಲಿ ಮೆಡಿಟರೇನಿಯನ್‌ನ ಡೆಮೊಸ್ಪಂಜೊಂದನ್ನು ಸಿಲಿಕಾ ಹೆಚ್ಚಿರುವ ನೀರಿನಲ್ಲಿ ಬೆಳೆಸಿದಾಗ, ಸಹಜ ನೀರಿನಲ್ಲಿ ಅದು ಮಾಡದ ಬಗೆಯ ಸ್ಪಿಕ್ಯೂಲ್‌ಗಳನ್ನು ತಯಾರಿಸಿತು. ಅಂದರೆ ಕಟ್ಟುವ ಸಾಮರ್ಥ್ಯ ಉಳಿದಿದೆ, ಸಾಮಗ್ರಿ ಇಲ್ಲ. ಇದೊಂದೇ ಕಾರಣ ಎನ್ನಲಾಗದು. ಆದರೆ ಭಾರಿ ಚೌಕಟ್ಟು ಕಟ್ಟುವ ಸ್ಪಂಜುಗಳು ಸಿಲಿಕಾ ಹೆಚ್ಚಿರುವ ತಣ್ಣೀರಿಗೆ ಸರಿದುಹೋದದ್ದನ್ನು ಇಷ್ಟು ನೇರವಾಗಿ ವಿವರಿಸುವ ಬೇರೆ ವಾದ ಇಲ್ಲ.

ಸ್ಪಂಜಿನ ದಿಬ್ಬಗಳು ಪಳೆಯುಳಿಕೆಗಳಲ್ಲಿ ಮಾತ್ರ ಇವೆ ಎಂಬ ನಂಬಿಕೆ 1987ರಲ್ಲಿ ಮುರಿಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ತೀರದಾಚೆ, ಹೆಕೇಟ್ ಜಲಸಂಧಿಯಲ್ಲಿ, ಬೆಸೆದ ಬಲೆಯ ಸ್ಪಂಜುಗಳು ಕಟ್ಟಿದ ಜೀವಂತ ದಿಬ್ಬಗಳು ಪತ್ತೆಯಾದವು. ವಯಸ್ಸು ಸುಮಾರು 9000 ವರ್ಷ, ಎತ್ತರ ಕೆಲವೆಡೆ 20 ಮೀಟರಿನಷ್ಟು. ಹಿಮಯುಗದ ಹಿಮಗಡ್ಡೆಗಳು ಸಮುದ್ರತಳವನ್ನು ಉತ್ತು ಹೊರಹಾಕಿದ್ದ ಜಲ್ಲಿಯ ಏರಿಗಳ ಮೇಲೆ ಮೊದಲ ಸ್ಪಂಜುಗಳು ನೆಲೆಯೂರಿದವು. ಅವು ಸತ್ತ ಮೇಲೂ ನಿಂತ ಬಲೆಯ ಮೇಲೆ ಮರಿಗಳು ಬೇರೂರಿದವು. ಹರಿವ ನೀರಿನ ಹೂಳನ್ನು ಬಲೆ ತಡೆದು ಕೆಳಭಾಗದಲ್ಲಿ ತುಂಬಿಸಿಕೊಂಡಿತು. ಗಟ್ಟಿ ನೆಲೆ, ಮಿತವಾದ ಹೂಳು, ಹೇರಳ ಸಿಲಿಕಾ, ಈ ಮೂರೂ ಸೇರಿದಾಗ ದಿಬ್ಬ ಏಳುತ್ತದೆ. ಜುರಾಸಿಕ್ ದಿಬ್ಬಗಳಲ್ಲಿ ಊಹೆಯಾಗಿದ್ದ ಕ್ರಮವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ತಳ ಗುಡಿಸುವ ಟ್ರಾಲ್ ಬಲೆಗಳು ಇವುಗಳ ಒಂದಷ್ಟು ಭಾಗವನ್ನು ಪುಡಿ ಮಾಡಿದ್ದವು. 2017ರಲ್ಲಿ ಕೆನಡಾ ಸರ್ಕಾರ ಈ ಪ್ರದೇಶವನ್ನು ಸಂರಕ್ಷಿತ ಸಮುದ್ರವಲಯವೆಂದು ಘೋಷಿಸಿತು.

ಇಂದಿನ ವಾಸದ ಆಳವನ್ನು ಹಾಗೇ ಹಿಂದಕ್ಕೆ ಹೊರಿಸುವುದು ಮಾತ್ರ ಸರಿಯಲ್ಲ. ಗಾಜಿನ ಸ್ಪಂಜು ಸಿಕ್ಕಿತೆಂದರೆ ಅದು ಆಳಸಮುದ್ರದ ಪದರ ಎಂದು ಬರೆಯುವ ರೂಢಿ ಇನ್ನೂ ಅಲ್ಲಲ್ಲಿ ಕಾಣುತ್ತದೆ. ನ್ಯೂಯಾರ್ಕಿನ ಹಿಡ್ನೊಸೆರಾಸ್ ಮರಳು ಬಂದು ಬೀಳುವಷ್ಟು ಆಳವಿಲ್ಲದ ಕಡಲಲ್ಲಿ ಬದುಕಿತ್ತು, ಜುರಾಸಿಕ್ ದಿಬ್ಬಗಳು ಖಂಡದಂಚಿನ ಕಡಲಲ್ಲಿದ್ದವು. ಆಳವನ್ನು ನಿರ್ಧರಿಸಲು ಸ್ಪಂಜಿಗಿಂತ ಅದರ ಸುತ್ತಲಿನ ಕಲ್ಲನ್ನು ಕೇಳಬೇಕು: ಅಲೆಗಳ ಗುರುತು ಇದೆಯೇ, ಬಿರುಗಾಳಿ ತಂದು ಸುರಿದ ಮರಳಿನ ಪದರ ಇದೆಯೇ, ಬೆಳಕು ಬೇಕಾದ ಪಾಚಿಗಳು ಜೊತೆಯಲ್ಲಿವೆಯೇ. ಇವು ಇದ್ದರೆ ಅಲ್ಲಿನ ನೀರು ಆಳವಿರಲಿಲ್ಲ, ಬಲೆ ಎಷ್ಟೇ ಅಂದವಾಗಿ ಉಳಿದಿದ್ದರೂ.